ಹಿಲ್ಟ್ರೂಡಜ್ಜಿಯ ಮಾನ್ಯತೆ ಪಡೆದ ಚಳಿ

ಬ್ರೇಮರ್‌ಹಾಫೆನ್ ನಗರದ ಬಾಡಿಗೆದಾರರು, ವೃದ್ಧರು ಹಾಗೂ ಸಾಲಗಾರರ ಸ್ವಸಹಾಯ ಸಂಘವು ಸ್ಥಾಪನೆಯಾದಂದಿನಿಂದ ಇಂದಿನವರೆಗೆ ಯಾರೊಬ್ಬರಿಗೂ ಸಹಾಯ ಮಾಡಿರುವುದಿಲ್ಲ. ಇದು ಆಪಾದನೆಯಲ್ಲ, ಸಂಘದ ನಿಯಮಾವಳಿಯ ಮೊದಲ ಕಲಮು. ಸಹಾಯವನ್ನು ಸದಸ್ಯರು ತಮಗೆ ತಾವೇ ಮಾಡಿಕೊಳ್ಳತಕ್ಕದ್ದು; ಸಂಘವು ಅದನ್ನು ಮಾನ್ಯ ಮಾಡತಕ್ಕದ್ದು.

ಚಳಿಗಾಲ ಶುರುವಾದ ಹೊಸದರಲ್ಲಿ ಹಿಲ್ಟ್ರೂಡ್ ಪಾನೆವಿಟ್ಜ್ ಎಂಬ ಅಜ್ಜಿ ಈ ಸಂಘದ ಬಾಗಿಲು ತಟ್ಟಿದಳು. ಬಂದರಿನ ಕಾರ್ಖಾನೆಯಲ್ಲಿ ಮಂಜುಗಡ್ಡೆಯ ಮೇಲಿನ ಮೀನು ಸೀಳಿ ಸೀಳಿ ಅವಳ ಬೆರಳ ಗಂಟುಗಳೆಲ್ಲ ಬಾತಿದ್ದವು. ಚಳಿ ಹಿಡಿದರೆ ಕಾಫಿ ಲೋಟ ಕೂಡ ಎತ್ತಲಾಗುತ್ತಿರಲಿಲ್ಲ. ಅವಳಿದ್ದ ಕಟ್ಟಡದ ನೆಲಮಾಳಿಗೆಯ ಬಾಯ್ಲರ್ ಕೆಟ್ಟು, ಎಲ್ಲ ಮನೆಗಳ ಹೀಟರುಗಳೂ ಹೆಣದಂತೆ ತಣ್ಣಗೆ ಕೂತಿದ್ದವು.

ಸಂಘದ ಸಲಹೆಗಾರ ಕ್ವಾಸ್ಟ್ ಸಾಹೇಬರು ಅವಳ ಅಹವಾಲನ್ನು ಗಾಂಭೀರ್ಯದಿಂದ ಕೇಳಿದರು.

"ಅಮ್ಮಾವ್ರೇ, ನಿಮ್ಮ ಅದೃಷ್ಟ ಖುಲಾಯಿಸ್ತು! ಬಾಡಿಗೆ ಮುರ್ಕೊಳ್ಳೋಕೆ ಅಂತ ಮನೆ ದೋಷಗಳ ಒಂದು ಪಟ್ಟಿ ಇದೆ, ತಣ್ಣಗಿರೋ ಹೀಟರ್ ಅಂದ್ರೆ ಆ ಪಟ್ಟಿಯಲ್ಲೇ ಭಾರಿ ದೋಷ. ಬಾಡಿಗೆಯಲ್ಲಿ ಕಾಲು ಭಾಗ ಮುರ್ಕೊಳ್ಳಿ."

"ನಂಗೆ ಬಾಡಿಗೆ ಮುರ್ಕೊಳ್ಳೋದು ಬೇಡ ಸ್ವಾಮಿ, ಬೆಚ್ಚಗಿರಬೇಕು ಅಷ್ಟೆ. ಈ ಕೈ ನೋಡಿ."

"ಕೈಗೆ ಪಟ್ಟಿಯಲ್ಲಿ ಜಾಗ ಇಲ್ಲ," ಎಂದರು ಕ್ವಾಸ್ಟ್ ಸಾಹೇಬರು. "ಬೆಚ್ಚಗೆ ಮಾಡೋದು ಸಹಾಯ ಆಗುತ್ತೆ. ಅದು ನಮ್ಮ ಕಲಮಿಗೆ ವಿರುದ್ಧ."

ಅಜ್ಜಿ ಬಾಡಿಗೆ ಮುರಿದುಕೊಂಡಳು. ಉಳಿದ ದುಡ್ಡಲ್ಲಿ ದಪ್ಪನೆಯ ದುಪ್ಪಟಿ ಕೊಂಡಳು. ಮಾಲೀಕ ಗೆರೋಲ್ಡ್ ಷ್ಟೋಲ್ ಕೂಡ ತಕರಾರು ತೆಗೆಯಲಿಲ್ಲ. ಬಾಯ್ಲರಿಗೆ ಸುರಿಯುವ ದುಡ್ಡಿನ ಮುಂದೆ ಅಜ್ಜಿಯ ಕಾಲು ಬಾಡಿಗೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಜ್ಜಿಯ ಬೆರಳುಗಳು ಮಾತ್ರ ಬಿಚ್ಚಲಾರದಷ್ಟು ಸೆಟೆದುಕೊಂಡವು. ಆದರೆ ಅದು, ಮೊದಲೇ ತಿಳಿಸಿದಂತೆ, ಪಟ್ಟಿಯಲ್ಲಿರಲಿಲ್ಲ.

ಸುದ್ದಿ ಮೆಟ್ಟಿಲು ಹತ್ತಲು ಎಷ್ಟು ಹೊತ್ತು? ಮೇಲಿನ ಮನೆಯ ತ್ಯಾರ್ಕ್, ಕಾರಿನ ಸಾಲ ತೀರಿಸಲು ಸೋಫಾ ಸಾಲ, ಸೋಫಾ ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದ ಮಹಾನುಭಾವ, ಅಜ್ಜಿಯ ಮನೆಗೆ ಓಡಿ ಬಂದ.

"ಅಜ್ಜೀ, ನೀನು ಬಿಡು, ಭಲೇ ಗಟ್ಟಿಗಿತ್ತಿ! ನಾನು ಚಳಿಗೂ ಮುರ್ಕೊಂಡೆ, ಬೂಷ್ಟಿಗೂ ಮುರ್ಕೋತೀನಿ."

"ನಿನ್ನ ಮನೇಲಿ ಬೂಷ್ಟು ಎಲ್ಲೋ ಇದೆ?"

"ಬರುತ್ತಜ್ಜಿ. ದಿನಾ ಗೋಡೆಗೆ ನೀರು ಹಾಕ್ತಿದೀನಲ್ಲ."

ಇಡೀ ಕಟ್ಟಡ ಸ್ವಾವಲಂಬಿಯಾಯಿತು. ಒಬ್ಬರು ನಲ್ಲಿ ಸಡಿಲಿಸಿದರು, ಇನ್ನೊಬ್ಬರು ಪಾರಿವಾಳಗಳಿಗೆ ಕಾಳು ಹಾಕಿ ಬಾಲ್ಕನಿಯನ್ನು ಗಲೀಜು ಮಾಡಿಸಿದರು. ಸಂಘವು ಇದನ್ನು ಮಾದರಿ ಕಟ್ಟಡವೆಂದು ಘೋಷಿಸಿತು.

ಷ್ಟೋಲ್ ಸಾಹೇಬನಿಗೆ ಈಗ ಉರಿ ಹತ್ತಿತು. ಮೆಟ್ಟಿಲ ಬಳಿ ಹೀಗೊಂದು ಪ್ರಕಟಣೆ ಅಂಟಿಸಿದ:

"ಎಚ್ಚರಿಕೆ. ಬಾಡಿಗೆದಾರರು ಕೂಡಲೇ ಪೂರ್ತಿ ಬಾಡಿಗೆ ಕಟ್ಟದಿದ್ದಲ್ಲಿ ಹಳೆಯ ಬಾಯ್ಲರ್ ತೆಗೆಸಿ ಹೊಸದನ್ನು ಹಾಕಿಸಲಾಗುವುದು."

ಕಟ್ಟಡವೇ ನಡುಗಿತು. ಯಾಕೆಂದರೆ ಹೊಸ ಬಾಯ್ಲರ್ ಬಂದರೆ ಮನೆ ಸುಧಾರಿಸಿದಂತೆ. ಮನೆ ಸುಧಾರಿಸಿದರೆ ಬಾಡಿಗೆ ಏರಿಸಬಹುದು. ಏರಿದ ಬಾಡಿಗೆ ಕಟ್ಟಲು ಅಜ್ಜಿಯ ಪಿಂಚಣಿಗೆ ತಾಕತ್ತಿರಲಿಲ್ಲ. ಮದುವೆಯಾಗಿ ಕಾಲಿಟ್ಟ ಮನೆ, ಗಂಡ ಕಣ್ಣು ಮುಚ್ಚಿದ ಮನೆ. ಅದನ್ನು ಬಿಟ್ಟು ಹೋಗುವುದಾದರೂ ಎಲ್ಲಿಗೆ?

"ಈಗೇನ್ಮಾಡ್ಲಿ ಸ್ವಾಮಿ?" ಎಂದು ಅಜ್ಜಿ ಸಂಘಕ್ಕೆ ಹೋಗಿ ಅತ್ತಳು.

"ಗಾಬರಿಯಾಗ್ಬೇಡಿ ಅಮ್ಮಾವ್ರೇ. ಹೊಸ ಬಾಯ್ಲರಿನಿಂದ ಮನೆ ಬೆಚ್ಚಗಾಗಿಲ್ಲ ಅಂತ ಸಾಬೀತಾದ್ರೆ ಅದು ಸುಧಾರಣೆಯೇ ಅಲ್ಲ. ನಾನೇ ಬಂದು ಅಳೀತೀನಿ. ನೀವು ನಿಮಗೆ ಸಹಾಯ ಮಾಡ್ಕೊಂಡಿರಿ."

"ಅಂದ್ರೆ?"

ಕ್ವಾಸ್ಟ್ ಸಾಹೇಬರು ಕಿಟಕಿಯ ಕಡೆ ನೋಡಿದರು.

ಷ್ಟೋಲ್ ನುಡಿದಂತೆ ನಡೆದ. ಜನವರಿಯ ಒಂದು ಬೆಳಿಗ್ಗೆ ಕೊಳವೆಗಳು ಗುಡುಗುಡು ಎಂದವು, ಹೀಟರುಗಳು ಕಾದವು. ಮೇಲಿನಿಂದ ತ್ಯಾರ್ಕ್ ಬೊಬ್ಬೆ ಹೊಡೆದ:

"ಅಜ್ಜೀ, ಬಿಸಿ ಬಂತು! ಕಿಟಕಿ ತೆಗಿ, ಬೇಗ ತೆಗಿ!"

ಬೀದಿಯ ಕಡೆಗಿದ್ದ ಕಟ್ಟಡದ ಕಿಟಕಿಗಳೆಲ್ಲ ತೆರೆದುಕೊಂಡವು. ಸಮುದ್ರದ ಗಾಳಿ ಹಿಮವನ್ನು ಹೊತ್ತು ಒಳನುಗ್ಗಿತು. ಒಳಗಿನ ಶಾಖ ಹೊರಗೆ ಹೋಗಿ ಕಡಲಹಕ್ಕಿಗಳ ಪಾಲಾಯಿತು. ಹಕ್ಕಿಗಳು ಯಾವ ಸಂಘಕ್ಕೂ ಚಂದಾ ಕಟ್ಟಿರಲಿಲ್ಲವಾದ್ದರಿಂದ ಹಾಯಾಗಿ ಮೈ ಕಾಯಿಸಿಕೊಂಡವು.

ಮಧ್ಯಾಹ್ನ ಕ್ವಾಸ್ಟ್ ಸಾಹೇಬರು ಕೋಟು, ಟೋಪಿ, ಮಫ್ಲರ್ ಸಮೇತ ಬಂದು ಅಜ್ಜಿಯ ಕೋಣೆಯ ನಡುವೆ ಉಷ್ಣಮಾಪಕ ಹಿಡಿದು ನಿಂತರು. ಷ್ಟೋಲ್ ಕೂಡ ಬಂದಿದ್ದ. ತೆರೆದ ಕಿಟಕಿ ಅವನ ಕಣ್ಣೆದುರಿಗೇ ಇತ್ತು.

"ಕಿಟಕಿ ತೆಗೆದಿದೆಯಲ್ರೀ?" ಎಂದ.

"ಗಾಳಿ ಆಡಿಸೋದು ಬಾಡಿಗೆದಾರರ ಕರ್ತವ್ಯ ಅಂತ ನಿಮ್ಮ ಕರಾರಿನಲ್ಲೇ ಬರೆದಿದ್ದೀರಿ," ಎಂದರು ಕ್ವಾಸ್ಟ್ ಸಾಹೇಬರು.

ಷ್ಟೋಲ್ ತಲೆಯಾಡಿಸಿದ. ಇಂಧನದ ಖರ್ಚು ವರ್ಷದ ಕೊನೆಗೆ ಬಾಡಿಗೆದಾರರ ತಲೆಗೇ ಬೀಳುವುದೆಂದು ಅವನಿಗೆ ಗೊತ್ತಿತ್ತು. ಆ ಬಿಲ್ಲನ್ನು ಎದುರಿಸಲು ಹೊಸ ಸ್ವಸಹಾಯ ಶಿಬಿರ ನಡೆಸಬಹುದೆಂದು ಕ್ವಾಸ್ಟ್ ಸಾಹೇಬರಿಗೆ ಗೊತ್ತಿತ್ತು. ಇಬ್ಬರೂ ಬಲು ಸಭ್ಯವಾಗಿ ಕೈಕುಲುಕಿದರು.

"ಚಳಿ ಮಾನ್ಯವಾಗಿದೆ," ಎಂದು ಘೋಷಿಸಲಾಯಿತು. ಬಾಗಿಲಲ್ಲಿ ನೆರೆದವರು ಚಪ್ಪಾಳೆ ತಟ್ಟಿದರು. ತ್ಯಾರ್ಕ್ ಸೀನುತ್ತಲೇ "ನೀನು ಗೆದ್ದೆ ಅಜ್ಜಿ!" ಎಂದು ಕೂಗಿದ.

ಅಜ್ಜಿ ಮೂಲೆಯಲ್ಲಿ ನಿಂತಿದ್ದಳು. ಯಾರ ಗಮನವೂ ಇಲ್ಲದಾಗ ಅವಳ ಎರಡೂ ಕೈ ಹಿಂದಕ್ಕೆ ಸರಿದು ಹೀಟರಿನ ಮೇಲೆ ಕೂತಿದ್ದವು. ಅಯ್ಯೋ, ಎಂಥಾ ಬಿಸಿ! ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಜ್ಜಿ ಕಣ್ಣು ಮುಚ್ಚಿದಳು.

"ಅಮ್ಮಾವ್ರೇ, ಕೈ ತೆಗೀರಿ," ಎಂದರು ಕ್ವಾಸ್ಟ್ ಸಾಹೇಬರು ಮೆಲ್ಲಗೆ. "ವರದಿಗೆ ಇನ್ನೂ ಸಹಿ ಆಗಿಲ್ಲ."

"ತಪ್ಪಾಯ್ತು ಸ್ವಾಮಿ," ಎಂದು ಅಜ್ಜಿ ನಾಚಿಕೊಂಡು ಕೈ ತೆಗೆದಳು. ಆಮೇಲೆ ತಾನೇ ಹೋಗಿ ಅರ್ಧ ಮುಚ್ಚಿಕೊಂಡಿದ್ದ ಇನ್ನೊಂದು ಕಿಟಕಿಯನ್ನೂ ಪೂರ್ತಿ ತೆರೆದಳು.