ಬಿಟ್‌ಕಾಯಿನ್ ಕೊಟ್ಟು ಭಜಿ ಕೇಳಿದ ಕಾಕಾ

ಬಿಟ್‌ಕಾಯಿನ್ ಕೊಟ್ಟು ಮಿರ್ಚಿ ಭಜಿ ತಿನ್ನಲು ಹೋದ ಮನುಷ್ಯ ಇಡೀ ಶಹಾಪುರದಲ್ಲಿ ಒಬ್ಬರೇ: ನಮ್ಮ ಕಾಕಾ! ಇದು ನಮ್ಮ ಮನೆತನಕ್ಕೆ ಹೆಮ್ಮೆಯೋ ನಾಚಿಕೆಯೋ, ಇನ್ನೂ ತೀರ್ಮಾನವಾಗಿಲ್ಲ.

ಕಾಕಾ ನಾರಾಯಣಪುರದ ಅಣೆಕಟ್ಟಿನಲ್ಲಿ ಗೇಟು ಎತ್ತಿ ಇಳಿಸುವ ಕೆಲಸ ಮಾಡಿ ನಿವೃತ್ತರಾದವರು. ಭಜಿ ಅಂಗಡಿಯವನ ಫೋನಿಗೆ ತಾವೇ ಆ್ಯಪು ಹಾಕಿಕೊಟ್ಟಿದ್ದರು. ಭಜಿ ಬಂತು, ಕಾಕಾ ರೊಕ್ಕ ಕಳಿಸಿದರು, ಅದು ಮಾತ್ರ ಮುಟ್ಟಲಿಲ್ಲ! ಜಗತ್ತಿನ ಬಿಟ್‌ಕಾಯಿನ್ ವ್ಯವಹಾರವೆಲ್ಲ ಒಂದೇ ಲೆಕ್ಕದ ಪುಸ್ತಕದ, ಒಂದೇ ಅಳತೆಯ ಹಾಳೆಗಳ ಮೇಲೆ ಏರಬೇಕಂತೆ. ಹಾಳೆ ತುಂಬಿತೋ, ಉಳಿದವರು ಮುಂದಿನ ಹಾಳೆಗೆ ಕಾಯಬೇಕು. ಬೇಗ ಏರಬೇಕೆಂದರೆ ಮೇಲೆ ಶುಲ್ಕ ಕೊಡಬೇಕು. ಆ ಮೇಲಿನದೇ ಭಜಿಗಿಂತ ದುಬಾರಿ!

"ಕಾಕಾರ, ಭಜಿ ತಣ್ಣಗಾಗ್ಯಾವ. ನೋಟು ಕೊಟ್ಟು ತಿಂದುಬಿಡ್ರಿ," ಎಂದ ಅಂಗಡಿಯವನು.

"ಗೇಟು ಸಣ್ಣದದ ತಮ್ಮಾ! ಹೊಳಿ ತುಂಬಿ ಬಂದಾಗ ಒಂದ ಗೇಟು ತೆರದು ಕುಂತ್ರ ಹೆಂಗ? ಹಾಳಿ ದೊಡ್ಡದು ಮಾಡಬೇಕು!"

ಇದನ್ನು ಒಪ್ಪದವರು ಕಾಕಾನ ಭಾವ, ಅಂದರೆ ಅವರ ಹೆಂಡತಿ, ನಮ್ಮ ಕಾಕುವಿನ ಅಣ್ಣ. ಸುರಪುರದಲ್ಲಿ ಬಂಗಾರದ ಅಂಗಡಿ. ಕಾಕಾಗೆ ಈ ಹುಚ್ಚು ಹಿಡಿಸಿದವರೂ ಅವರೇ!

"ಹಾಳಿ ದೊಡ್ಡದು ಮಾಡಿದ್ರ ಆ ಲೆಕ್ಕಾ ಇಟ್ಟುಕೊಳ್ಳಾಕ ದೊಡ್ಡ ಮಷಿನ್ ಬೇಕಾಗ್ತಾವ್ರಿ. ಬಡವರ ಮನ್ಯಾಗ ಎಲ್ಲಿಂದ ಬರಬೇಕು? ಕಡೀಕ ನಾಕು ಮಂದಿ ಸಾವಕಾರರ ಕೈಯಾಗ ಹೋಗ್ತದ. ಇದು ಬಂಗಾರ ಇದ್ದಂಗ. ಇಟ್ಟುಕೊಳ್ಳಬೇಕು," ಎನ್ನುತ್ತಿದ್ದರು ಭಾವ.

"ಇಟ್ಟುಕೊಂಡು ಪೂಜಿ ಮಾಡೂದೇನ್ರಿ? ಭಜಿ ಬರದ ರೊಕ್ಕ ಎಂಥಾ ರೊಕ್ಕ!"

ಶಿರವಾಳದ ಹಳೆಯ ಗುಡಿಗಳನ್ನು ತೋರಿಸಲು ಒಮ್ಮೆ ಇಬ್ಬರನ್ನೂ ಕರೆದೊಯ್ದಿದ್ದೆವು. ನಾವೆಲ್ಲ ನೋಡಿ ಬಂದರೂ ಇವರು ಮೆಟ್ಟಿಲ ಮೇಲೆಯೇ ಇದ್ದರು, ದೇವರಿಗೆ ಬೆನ್ನು ಮಾಡಿ, ಹಾಳೆಯ ಅಳತೆ ಮಾತಾಡುತ್ತ! ಆಗ ಎಷ್ಟು ನಕ್ಕಿದ್ದೆವು! ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು.

ಹೊರಗಿನ ಜಗತ್ತಿನಲ್ಲೂ ಈ ಜಗಳ ತೀರಲಿಲ್ಲ. ದೊಡ್ಡ ಹಾಳೆಯವರು ಬೇರೆ ನಾಣ್ಯ ಮಾಡಿಕೊಂಡು ಹೊರಟರು, ಕಾಕಾ ಅವರ ಬೆನ್ನು ಹತ್ತಿದರು. ನಾಣ್ಯ ಎರಡಾಯಿತು, ಸರಿ. ಮನೆಗಳೂ ಬೇರೆಯಾಗಬೇಕಿತ್ತೇ?

ಆ ವರ್ಷ ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆದೊಯ್ಯಲು ಭಾವ ಬಂದರು. ಕಾಕು ಸೀರೆ ಉಟ್ಟು, ಚೀಲ ಹಿಡಿದು ನಿಂತಿದ್ದಳು. ಅಷ್ಟರಲ್ಲಿ ಮತ್ತೆ ಅದೇ ಮಾತು!

"ನಿಮ್ಮ ಹೇಂತಿ ಕೊಳ್ಳಾಗಿನ ತಾಳಿ ಕೊಟ್ಟು ಯಾರರ ಭಜಿ ತಿಂದಾರೇನ್ರಿ? ಹಂಗಂತ ತಾಳಿಗೆ ಬೆಲಿ ಇಲ್ಲೇನು?" ಎಂದರು ಭಾವ.

ಕಾಕಾ ಎದ್ದು ನಿಂತರು. "ನನ್ನ ಮನ್ಯಾಗ ಕುಂತು ನನ್ನ ಹೇಂತಿ ತಾಳಿ ಮಾತಾಡ್ತೀರಿ? ಆಕಿ ಬರಂಗಿಲ್ಲ. ನಡೀರಿ!"

ಭಾವ ಒಬ್ಬರೇ ಬಸ್ಸು ಹತ್ತಿದರು. ಕಾಕು ಒಳಗೆ ಹೋಗಿ ಚೀಲದೊಳಗಿನ ಸೀರೆಗಳನ್ನು ಒಂದೊಂದಾಗಿ ತೆಗೆದಿಟ್ಟಳು. ಆಮೇಲೆ ಬಂದ ಪಂಚಮಿಗಳಲ್ಲಿ ಯಾರೂ ಕರೆಯಲು ಬರಲಿಲ್ಲ, ಇವಳೂ ಕೇಳಲಿಲ್ಲ.

ಹೋದ ವರ್ಷ ಸುರಪುರದಿಂದ ಫೋನು ಬಂತು. ಭಾವನಿಗೆ ಲಕ್ವ ಹೊಡೆದು ಮಾತು ಬಿದ್ದುಹೋಗಿತ್ತು. ಕಾಕಾ ಅಂಗಿಯ ಗುಂಡಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಕಾಕುವನ್ನು ಕರೆದುಕೊಂಡು ಹೊರಟರು. ಅಂದಿನಿಂದ ವಾರಕ್ಕೆರಡು ಸಲವಾದರೂ ಸುರಪುರದ ಬಸ್ಸು ಹತ್ತುತ್ತಾರೆ.

ಮೊನ್ನೆ ನಾನೂ ಜೊತೆಗೆ ಹೋಗಿದ್ದೆ. ಕಾಕಾ ಹಾಸಿಗೆಯ ಪಕ್ಕ ಕುಳಿತು, "ಗೇಟು ದೊಡ್ಡದಾಗಬೇಕ್ರಿ ಭಾವಾ," ಎಂದು ಶುರು ಮಾಡಿದರು. ಆಮೇಲೆ ತಾವೇ ದನಿ ಬದಲಿಸಿ, "ಬಡವರ ಮನ್ಯಾಗ ಅಷ್ಟು ದೊಡ್ಡ ಮಷಿನ್ ಎಲ್ಲಿಂದ ಬರಬೇಕ್ರಿ?" ಎಂದು ಭಾವನ ಪರವಾಗಿ ವಾದ ಹೂಡಿದರು! ಭಾವ ಸ್ವತಃ ಎಂದೂ ಅಷ್ಟು ಚೆನ್ನಾಗಿ ವಾದಿಸಿರಲಿಲ್ಲ. ಓರೆಯಾದ ಆ ಬಾಯಿ ಸ್ವಲ್ಪ ಅಲುಗಿತು; ನಕ್ಕರೋ ಏನೋ.

"ಇವತ್ತೂ ನೀವ ಗೆದ್ರಿ, ಭಾವಾ," ಎಂದ ಕಾಕಾ, ಅವರ ತುಟಿಯಂಚಿನಿಂದ ಇಳಿಯುತ್ತಿದ್ದ ಗಂಜಿಯನ್ನು ತಮ್ಮ ಟವೆಲ್ಲಿನಿಂದ ಮೆಲ್ಲಗೆ ಒರೆಸಿದರು.