ಖಾಲಿ ಬಿಟ್ಟ ಆರನೆಯ ಘಟಕ

ನನ್ನ ಸೋದರಮಾವ ತಮ್ಮ ಜೀವಮಾನದಲ್ಲಿ ಒಂದೇ ಒಂದು ಕೃತಿ ರಚಿಸಿದರು. ಅದರ ಅತ್ಯುತ್ತಮ ಭಾಗದಲ್ಲಿ ತಲೆಬರಹ ಬಿಟ್ಟರೆ ಒಂದಕ್ಷರವೂ ಇರಲಿಲ್ಲ! ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಆ ಖಾಲಿ ಜಾಗವನ್ನು ಖಾಲಿಯಾಗಿಯೇ ಉಳಿಸಿಕೊಳ್ಳಲು ಅವರು ಪಟ್ಟ ಪಾಡನ್ನು, ದಪ್ಪ ದಪ್ಪ ಪುಸ್ತಕ ಬರೆದವರೂ ಪಟ್ಟಿರಲಾರರು.

ಕೃತಿ ಎಂದರೆ ಕಾದಂಬರಿಯಲ್ಲ, ಕಾವ್ಯವಲ್ಲ. ಬಿ.ಎ. ಮೊದಲ ವರ್ಷದ ಅರ್ಥಶಾಸ್ತ್ರದ ಸಿಲಬಸ್. ಮಾವ ಚಿತ್ರದುರ್ಗದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರು. ನಾನು ಎಂ.ಎ. ಮುಗಿಸಿ ಅದೇ ಕಾಲೇಜಿನಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ನಮ್ಮ ಮನೆ ಹೊಸದುರ್ಗದಲ್ಲಿ; ದಿನವೂ ಬಸ್ಸಿನಲ್ಲಿ ಓಡಾಡುವುದು ಬೇಡವೆಂದು ಮಾವನ ಮನೆಯಲ್ಲೇ ಉಳಿದಿದ್ದೆ. ಆಗಷ್ಟೇ ಪದವಿ ತರಗತಿಗಳಲ್ಲಿ ಕನ್ನಡದಲ್ಲಿ ಪಾಠ ಹೇಳುವುದು ಶುರುವಾಗಿತ್ತು. ಅದಕ್ಕೆ ತಕ್ಕ ಹೊಸ ಸಿಲಬಸ್ಸಿನ ಕರಡು ತಯಾರಿಸಿ ತರುವಂತೆ ವಿಶ್ವವಿದ್ಯಾನಿಲಯದ ಸಮಿತಿ ಮಾವನಿಗೆ ಹೇಳಿತು.

ಬೇರೆ ಯಾರೇ ಆಗಿದ್ದರೂ ಹಳೆಯದನ್ನು ಎದುರಿಗಿಟ್ಟುಕೊಂಡು, ನಾಲ್ಕು ತಲೆಬರಹಗಳನ್ನು ಹಿಂದೆ ಮುಂದೆ ಮಾಡಿ, ಒಂದು ಭಾನುವಾರದಲ್ಲಿ ಮುಗಿಸಿಬಿಡುತ್ತಿದ್ದರು. ಮಾವ ಅದನ್ನು ಅಡುಗೆಮನೆಗೆ ತಂದರು. ಬೆಳಿಗ್ಗೆ ಅತ್ತೆ ಒಲೆಯ ಮುಂದೆ ಇರುವಾಗ, ಹೊಸಲಿನ ಮೇಲೆ ಕುಳಿತು ಒಂದೊಂದೇ ಘಟಕವನ್ನು ಗಟ್ಟಿಯಾಗಿ ಓದುವುದು. ಅತ್ತೆ ಎಲ್ಲಿ "ಅಂದ್ರೆ?" ಎಂದು ಕೇಳುತ್ತಾರೋ ಅಲ್ಲಿ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಮತ್ತೆ ಬರೆಯುವುದು. ಒಂದು ದಿನ ಮೂರನೆಯ ಘಟಕ ಪೂರ್ತಿ ಮುಗಿದರೂ ಅತ್ತೆಯಿಂದ ಒಂದು ಪ್ರಶ್ನೆಯೂ ಬರಲಿಲ್ಲ. ಮಾವ ಹಿಗ್ಗಿಹೋದರು.

"ನೋಡಿದೇನವ್ವ! ಸಿಲಬಸ್ ಅಂದ್ರೆ ಹಿಂಗೆ ತಿಳಿಯಾಗಿರ್ಬೇಕು!"

ಅತ್ತೆ ಎರಡನೆಯ ವಾಕ್ಯಕ್ಕೇ ಎದ್ದು ಹಿತ್ತಿಲಿಗೆ ಬಟ್ಟೆ ಒಗೆಯಲು ಹೋಗಿದ್ದರು. ನಾನು ಹೇಳಲಿಲ್ಲ. ಮೂರನೆಯ ಘಟಕ ಇಂದಿಗೂ ಹಾಗೆಯೇ ಇದೆ.

ಇಷ್ಟಾದರೂ ಮಾವನಿಗೆ ಸಮಾಧಾನವಾಗಲಿಲ್ಲ. ಪಾಠದಲ್ಲಿ ಏನಿರಬೇಕು ಎನ್ನುವುದಕ್ಕಿಂತ, ಪಾಠ ನಡೆಯುವಾಗ ಎದುರಿಗೆ ಯಾರಿರುತ್ತಾರೆ ಎನ್ನುವುದೇ ಅವರನ್ನು ಕೊರೆಯುತ್ತಿತ್ತು. ಜೂನ್‌ನಲ್ಲಿ ಕೂರಲು ಜಾಗವಿಲ್ಲದ ನಮ್ಮ ತರಗತಿಗಳು ದೀಪಾವಳಿ ದಾಟಿದ ಮೇಲೆ ಬಿಕೋ ಎನ್ನುತ್ತವೆ. ಶೇಂಗಾ ಕೀಳಬೇಕು, ರಾಗಿ ಕೊಯ್ಯಬೇಕು, ಒಕ್ಕಣೆಯಾಗಬೇಕು. ಹಳ್ಳಿಯ ಹುಡುಗರು ಒಬ್ಬೊಬ್ಬರಾಗಿ ಕಾಣೆಯಾಗಿ, ಎಲ್ಲ ಮುಗಿಸಿ ಮರಳುವ ಹೊತ್ತಿಗೆ ಪಾಠ ಎಲ್ಲಿಗೋ ಹೋಗಿರುತ್ತದೆ. ಇದು ಎಲ್ಲ ಅಧ್ಯಾಪಕರಿಗೂ ಗೊತ್ತು. ಆದರೆ ಇದಕ್ಕಾಗಿ ವಿದ್ಯಾರ್ಥಿಗಳ ಮನೆಮನೆಗೆ ಹೋಗಿ, "ನಿಮ್ಮ ಹುಡುಗ ಯಾವ ತಿಂಗಳು ಸಿಗ್ತಾನೆ?" ಎಂದು ವಿಚಾರಿಸಿದ ಅಧ್ಯಾಪಕರನ್ನು ಯಾರಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದಷ್ಟೇ ಅಲ್ಲ, ಭಾನುವಾರಗಳಲ್ಲಿ ಅವರ ಹಿಂದೆ ಹೋಗಿ ಬರೆದುಕೊಂಡಿದ್ದೇನೆ. ಅವರ ಬರವಣಿಗೆ ಮರುದಿನ ಅವರಿಗೇ ಓದಲು ಬರುತ್ತಿರಲಿಲ್ಲ.

ಹೊಳಲ್ಕೆರೆಯ ಒಂದು ಮನೆಯಲ್ಲಿ ನಮಗೆ ವಿಪರೀತ ಆದರ ಸಿಕ್ಕಿತು. ಕುರ್ಚಿ ಬಂತು, ಮಂಡಕ್ಕಿ ಮೆಣಸಿನಕಾಯಿ ಬಂತು, ಬಾಳೆಹಣ್ಣು ಬಂತು. ಪಕ್ಕದ ಮನೆಯ ಹೆಂಗಸರು ಬಾಗಿಲಿಗೆ ಬಂದು ನಿಂತು ನನ್ನ ಜಡೆಯನ್ನು ಅಳೆಯುತ್ತಿದ್ದರು. ಮಾವ ಮನೆಯ ಯಜಮಾನರ ಕಡೆ ತಿರುಗಿ ನೇರವಾಗಿ ವಿಷಯಕ್ಕೆ ಬಂದರು.

"ನಿಮ್ಮ ಹುಡುಗ ಯಾವ ತಿಂಗಳಲ್ಲಿ ಬಿಡುವಾಗಿರ್ತಾನೆ ಹೇಳ್ರಿ. ನಾವು ಅದಕ್ಕೆ ಹೊಂದಿಸ್ಕೊಳ್ತೀವಿ."

ಯಜಮಾನರು ಹೆಂಡತಿಯ ಮುಖ ನೋಡಿದರು. "ರಾಗಿ ಒಕ್ಕಣೆ ಮುಗೀಬೇಕಲ್ರಿ ಮೇಷ್ಟ್ರೆ. ಮಾಘದಾಗೆ ಇಟ್ಕಳ್ಳಾಣ."

"ಮಾಘ! ಬರ್ಕೊಳ್ಳವ್ವ."

ಬರೆದುಕೊಂಡೆ.

"ಒಂದೇ ದಿನದಾಗೆ ಮುಗಿಸಿಬಿಡಾಣ. ಈಗಿನ ಕಾಲಕ್ಕೆ ಅದೇ ವಾಸಿ."

"ಛೇ ಛೇ, ಒಂದು ದಿನದಾಗೆ ಏನಾಗ್ತೈತ್ರಿ? ಎರಡು ವಾರನಾದ್ರೂ ಬೇಕು!"

"ಎರಡು ವಾರ!" ಯಜಮಾನರು ಕುಳಿತಲ್ಲೇ ಹಿಂದಕ್ಕೆ ಸರಿದರು. "ಅಷ್ಟು ದಿನ ಊಟ ಹಾಕೋರು ಯಾರ್ರಿ?"

"ಊಟದ ಚಿಂತೆ ನಿಮಗ್ಯಾಕೆ? ಹಾಸ್ಟೆಲ್ ಐತಲ್ಲ!"

ಇಷ್ಟರಲ್ಲಿ ನನಗೆ ಎಲ್ಲವೂ ಅರ್ಥವಾಗಿತ್ತು. ಬಾಯಿ ಬಿಡುವುದು ಹೇಗೆ? ಅಷ್ಟರಲ್ಲಿ ಆ ಮನೆಯ ಅಜ್ಜಿ ನನ್ನ ಪಕ್ಕದಲ್ಲೇ ಬಂದು ಕುಳಿತರು. "ಮುದ್ದೆ ತಿರುವಾಕೆ ಬರ್ತೈತೇನವ್ವ?"

"ಬರುತ್ತೆ," ಎಂದೆ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ನನ್ನ ಅಭ್ಯಾಸ. ಆವತ್ತು ಅದು ಅನಾಹುತದ ಅಂಚಿಗೆ ತಂದು ನಿಲ್ಲಿಸಿತು. ಅಜ್ಜಿ ಒಳಗೆ ಹೋಗಿ ಒಂದು ಮಾರು ಹೂವು ಹಿಡಿದುಕೊಂಡೇ ಬಂದರು. ಅದೇ ಹೊತ್ತಿಗೆ ಕಣದಿಂದ ಬಂದ ಮೊಮ್ಮಗ ಬಾಗಿಲಲ್ಲಿ ನನ್ನನ್ನು ನೋಡಿ ಬೆಚ್ಚಿ, ಕೈಯಲ್ಲಿದ್ದ ಮೊರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೈಮುಗಿದ. "ನಮಸ್ಕಾರ ಮೇಡಂ!"

"ಯಾರ್ಗಲೇ ಮೇಡಮ್ಮು?" ಎಂದರು ಅಜ್ಜಿ.

"ಅವರು ನಮಗೆ ಪಾಠ ಹೇಳ್ತಾರೆ ಕಣಜ್ಜಿ!"

ಅಜ್ಜಿ ಒಂದು ಕ್ಷಣ ನಿಂತಲ್ಲೇ ನಿಂತು, ಏನೂ ಆಗಿಲ್ಲವೆಂಬಂತೆ ಆ ಹೂವನ್ನು ದೇವರ ಫೋಟೋಗೆ ಹಾಕಿದರು.

ಮಾವನಿಗೆ ಕೊನೆಯವರೆಗೂ ಏನೂ ಹೊಳೆಯಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ, "ಒಳ್ಳೇ ಜನ ಕಣವ್ವ. ಮಾಘದಾಗೆ ಎಲ್ರಿಗೂ ಬಿಡುವು ಅಂತ ಖಚಿತವಾಯ್ತು ನೋಡು," ಎಂದು ಸಂತೋಷಪಟ್ಟರು.

ಹಿರಿಯೂರಿನ ಕಡೆ, ಬಬ್ಬೂರು ದಾಟಿ ಒಂದು ಹಟ್ಟಿಗೆ ಹೋದದ್ದು ಮಾತ್ರ ನಗುವ ಸಂಗತಿಯಾಗಿರಲಿಲ್ಲ. ಅದು ಚಿತ್ತಯ್ಯನ ಹಟ್ಟಿ. ಕುರಿ ಸಾಕುವ ಆ ಮನೆಗಳಿಂದ ಕಾಲೇಜಿಗೆ ಬಂದ ಮೊದಲಿಗ ಅವನು. ಹಿಂದಿನ ವರ್ಷ ಉಳಿದೆಲ್ಲ ವಿಷಯಗಳಲ್ಲಿ ಹೇಗೋ ದಾಟಿ, ಮಾವನ ವಿಷಯದಲ್ಲೇ ಫೇಲಾಗಿದ್ದ. ಸುಗ್ಗಿ ಕಳೆಯುತ್ತಲೇ ಅವನ ತಂದೆ ಕುರಿಮಂದೆ ಹೊಡೆದುಕೊಂಡು ಭದ್ರಾ ನೀರಾವರಿಯ ಗದ್ದೆಗಳ ಕಡೆ ಹೊರಡುತ್ತಿದ್ದರು. ಅವನೂ ಜೊತೆಗೆ ಹೋಗಬೇಕಾಗುತ್ತಿತ್ತು.

"ಇವನ್ನ ಬಿಟ್ಟು ಹೋಗಾಕೆ ಆಗಲ್ವಾ?" ಎಂದು ಮಾವ ಕೇಳಿದರು.

"ಮಂದೆಗೆ ಮುಂದೊಬ್ಬ ಹಿಂದೊಬ್ಬ ಬೇಕಲ್ಲ ಸಾ," ಎಂದರು ತಂದೆ. "ಗದ್ದೆ ಸೀಮೆ ಮುಟ್ಟಾಗಂಟ ಇವನು ಬೇಕೇ ಬೇಕು. ಆಮ್ಯಾಕೆ ನಮ್ಮ ಭಾವಮೈದ ಸಿಗ್ತಾನೆ, ಇವನ್ನ ವಾಪಸ್ ಕಳಿಸ್ತೀನಿ. ಬರೋ ಜೂನಿಗೆ ಇನ್ನೊಂದ್ಸಲ ಕಾಲೇಜಿಗೆ ಬರ್ಲಿ. ಆವಾಗ್ಲೂ ಆಗ್ಲಿಲ್ಲ ಅಂದ್ರೆ ಕುರಿ ಜತೇಗೇ ಇರ್ಲಿ ಬಿಡ್ರಿ. ಕುರಿ ಯಾರನ್ನೂ ಫೇಲ್ ಮಾಡಲ್ಲ."

ಚಿತ್ತಯ್ಯ ಗೋಡೆಗೆ ಒರಗಿ ನಿಂತಿದ್ದ. ಮಾವ ಅವನನ್ನೇ ಕೇಳಿದರು: "ನಿನಗೆ ಎಲ್ಲಿ ತೊಡಕಾಗ್ತೈತಪ್ಪ?"

"ನಡುವಿಂದು ತಪ್ಪೋಗ್ತೈತೆ ಸಾ. ವಾಪಸ್ ಬಂದು ಕುಂತ್ರೆ ಎಲ್ರೂ ಬರ್ಕಂತಿರ್ತಾರೆ. ನಾನೊಬ್ನೇ ನೋಡ್ಕಂತ ಕುಂತಿರ್ತೀನಿ."

ದಾರಿಯಲ್ಲಿ ಕಂಡ ಎತ್ತಿನಗಾಡಿಗೂ ಬೇಡಿಕೆ–ಪೂರೈಕೆಯ ವಿವರಣೆ ಕೊಡುವ ಮಾವ ಅಂದು ಚಿತ್ರದುರ್ಗ ಬರುವವರೆಗೂ ನಾನು ಬರೆದುಕೊಂಡದ್ದನ್ನೇ ತಿರುವಿಹಾಕುತ್ತಿದ್ದರು. ಮನೆಗೆ ಬಂದು ಕರಡನ್ನು ತೆಗೆದರು. ಐದು ಘಟಕಗಳಾದ ಮೇಲೆ "ಘಟಕ ಆರು: ಎರಡು ವಾರ" ಎಂದು ಬರೆದರು. ಅದರ ಕೆಳಗೆ ಏನೂ ಬರೆಯಲಿಲ್ಲ. ಮುಂದಿನ ಹಾಳೆಗೆ ಹೋಗಿ ಏಳನೆಯದನ್ನು ಶುರು ಮಾಡಿದರು.

"ಮಾವ, ಆರರಲ್ಲಿ ಏನು ಹಾಕ್ತೀರಿ?" ಎಂದೆ.

"ಅದಾಗ್ಲೇ ಹಾಕಿದ್ನಲ್ಲ," ಎಂದರು. "ಹೋದೋರು ಬರೋಕೆ ಜಾಗ."

ಜಗತ್ತಿನಲ್ಲಿ ಯಾವುದನ್ನು ಬೇಕಾದರೂ ಸಹಿಸುವ ಜನರಿದ್ದಾರೆ. ಖಾಲಿ ಜಾಗವನ್ನು ಸಹಿಸುವವರು ಮಾತ್ರ ಇಲ್ಲ ಎಂದು ನನಗೆ ಗೊತ್ತಾದದ್ದು ಆಮೇಲೆ. ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟಿನವರು. "ಒಂದು ಘಟಕ ಬಿಟ್ಟೋಗಿತ್ತು ಸಾ, ಹಂಗಾಗಿ ಏಳನ್ನೇ ಆರು ಮಾಡಿದೀನಿ. ಒಂದು ಹಾಳೆ ಉಳೀತು!" ಎಂದು ಬಹುಮಾನ ನಿರೀಕ್ಷಿಸುವವರಂತೆ ನಿಂತರು. ಮಾವ ವಾಪಸ್ ಕಳಿಸಿದರು. ಎರಡನೆಯ ಸಲ ಹಾಳೆ ಬಂತು. ಖಾಲಿ ಇರಬೇಕಾದ ಕಡೆ, ನಡುಮಧ್ಯದಲ್ಲಿ, "ಇಲ್ಲಿ ಏನೂ ಇರುವುದಿಲ್ಲ" ಎಂದು ಅಚ್ಚುಕಟ್ಟಾಗಿ ಟೈಪಾಗಿತ್ತು. ಮೂರನೆಯ ಸಲ ಮಾವ ಯಂತ್ರದ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕುಳಿತು, ಖಾಲಿಯನ್ನು ಟೈಪು ಮಾಡಿಸಿದರು.

ಸುದ್ದಿ ಕಾಲೇಜಿಗೆ ಹಬ್ಬಿತು. ಊರಲ್ಲಿ ಒಂದು ಖಾಲಿ ಸೈಟಿದೆ ಎಂದು ಗೊತ್ತಾದರೆ ಏನಾಗುತ್ತದೋ ಅದೇ ಆಯಿತು. ಇತಿಹಾಸದ ಅಧ್ಯಾಪಕರು ಮೊದಲು ಬಂದರು. "ಕೋಟೇಲಿ ಕಣಜ ಐತೆ, ಎಣ್ಣೆ ಕೊಳ ಐತೆ, ತುಪ್ಪದ ಕೊಳ ಐತೆ. ಅದು ಅರ್ಥಶಾಸ್ತ್ರ ಅಲ್ಲೇನ್ರಿ? ನಂಗೆ ಅರ್ಧ ಜಾಗ ಕೊಡ್ರಿ ಸಾಕು." ವ್ಯಾಯಾಮದ ಮೇಷ್ಟರು ಆ ಎರಡು ವಾರ ಕಬಡ್ಡಿಗೆ ಸಿಗಬಹುದೇ ಎಂದು ವಿಚಾರಿಸಿದರು. ಕೊನೆಗೆ ಪ್ರಿನ್ಸಿಪಾಲರೇ ಕರೆಸಿದರು.

"ಅದು ಖಾಲಿ ಅಲ್ಲ ಸಾರ್, ಕಾದಿರಿಸಿದ್ದು," ಎಂದರು ಮಾವ.

"ಯಾರಿಗೆ?"

"ಬರದೇ ಇರೋರಿಗೆ."

"ಬಂದೋರಿಗೇ ಬೆಂಚಿಲ್ಲ! ಬರದೇ ಇರೋರಿಗೆ ಬೇರೆ ಜಾಗ ಹಿಡಿದಿಟ್ಟಿದೀರಾ?"

ಮೇ ತಿಂಗಳಲ್ಲಿ ಮಾವ ಮೈಸೂರಿಗೆ ಹೋಗಿ ಸಮಿತಿಯ ಮುಂದೆ ಕರಡನ್ನು ಇಟ್ಟರು. ಅಲ್ಲಿ ನಡೆದದ್ದನ್ನು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಹೇಳಿದರು. ಆರನೆಯ ಘಟಕಕ್ಕೆ ಅಂಕಗಳೆಷ್ಟು ಎಂದು ಅಧ್ಯಕ್ಷರು ಕೇಳಿದರಂತೆ. ಸೊನ್ನೆ ಎಂದರಂತೆ ಮಾವ. ಇದು ಗೈರುಹಾಜರಿಗೆ ಪ್ರೋತ್ಸಾಹ ಕೊಟ್ಟಂತಲ್ಲವೇ ಎಂದು ಒಬ್ಬ ಸದಸ್ಯರು ಗುಡುಗಿದರಂತೆ. "ನಾವು ಪ್ರೋತ್ಸಾಹ ಕೊಟ್ರೂ ಕೊಡ್ದೇ ಇದ್ರೂ ಕುರಿ ಹೊರಟೇ ಹೊರಡ್ತವೆ ಸ್ವಾಮಿ. ಅವಕ್ಕೆ ಹಸಿವಾಗ್ತೈತೆ," ಎಂದರಂತೆ ಮಾವ. ಊಟದ ಹೊತ್ತು ಮೀರಿತ್ತು. ಹಸಿವು ಎಂಬ ಮಾತು ಸಭೆಯ ಮೇಲೆ ಪರಿಣಾಮ ಬೀರಿತೆಂದು ಕಾಣುತ್ತದೆ. ಒಂದು ವರ್ಷದ ಮಟ್ಟಿಗೆ ನೋಡೋಣ ಎಂದು ತೀರ್ಮಾನವಾಯಿತು. ಪ್ರಯೋಜನವಾಗದಿದ್ದರೆ ಆ ಜಾಗಕ್ಕೆ ಪಂಚವಾರ್ಷಿಕ ಯೋಜನೆಗಳು ಬರತಕ್ಕದ್ದು.

ಜೂನ್‌ನಲ್ಲಿ ಚಿತ್ತಯ್ಯ ಮತ್ತೆ ಸೇರಿದ. ಕಿಟಕಿಯ ಪಕ್ಕ ಕುಳಿತು ಶ್ರದ್ಧೆಯಿಂದ ಬರೆದುಕೊಂಡ. ನಾಲ್ಕನೆಯ ಘಟಕ ಶುರುವಾಗುತ್ತಿದ್ದಂತೆ ಒಂದು ದಿನ ಅವನ ಜಾಗ ಖಾಲಿಯಾಯಿತು. ಕುರಿಗಳು ಹೊರಟಿದ್ದವು.

ಫೆಬ್ರವರಿ ಬಂತು, ಆರನೆಯ ಘಟಕವೂ ಬಂತು. ಸುಗ್ಗಿ ಮುಗಿಸಿದವರು ಒಬ್ಬೊಬ್ಬರಾಗಿ ಬಂದು ಕುಳಿತರು. ಹಿಂದಿನ ಸಲ ಫೇಲಾಗಿ ಮೊದಲ ವರ್ಷದಲ್ಲೇ ಉಳಿದಿದ್ದ ಹೊಳಲ್ಕೆರೆಯ ಹುಡುಗನೂ ಬಂದ. ಅವನು ಆ ಭಾನುವಾರದ ನಂತರ ನನ್ನ ಮುಖವನ್ನು ನೋಡಿ ಮಾತಾಡಿದ್ದಿಲ್ಲ. ಮಾವ ತಪ್ಪಿಹೋದದ್ದನ್ನೆಲ್ಲ ಅವರಿಗೆ ಹೇಳಿಕೊಟ್ಟರು. ಚಿತ್ತಯ್ಯ ಬರಲಿಲ್ಲ. ಮೊದಲ ವಾರ ಕಳೆಯಿತು. ಮಾವ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗಿ ದಾವಣಗೆರೆ ಕಡೆಯಿಂದ ಬರುವ ಬಸ್ಸುಗಳ ಕಂಡಕ್ಟರುಗಳನ್ನು ವಿಚಾರಿಸಲು ಶುರು ಮಾಡಿದರು.

"ದಾರೀಲಿ ಕುರಿ ಕಂಡ್ವೇನಪ್ಪ?"

"ಕುರಿ ಎಲ್ಲಿ ಕಾಣಲ್ಲ ಸಾ? ಯಾವ ಕುರಿ ಅಂತ ಹೇಳ್ರಿ!"

ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. "ನೀವೇ ಪರೀಕ್ಷೆಗೆ ಕೂರೋರ ಹಂಗೆ ಆಡ್ತೀರಲ್ರಿ," ಎಂದು ಅತ್ತೆ ಗದರಿದರು. ಸಮಿತಿ ಏನೆನ್ನುತ್ತದೆ ಎಂಬ ಚಿಂತೆ ಅದಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಎರಡನೆಯ ವಾರ ಮುಗಿಯುವ ಹಿಂದಿನ ದಿನ. ಮಾವನ ತರಗತಿಯ ನಂತರದ ಗಂಟೆ ಅದೇ ಕೋಣೆಯಲ್ಲಿ ನನ್ನದು. ಸ್ವಲ್ಪ ಮುಂಚೆಯೇ ಹೋಗಿ ಬಾಗಿಲ ಬಳಿ ನಿಂತಿದ್ದೆ. ಮಾವ ಐದನೆಯ ಘಟಕದ ಕೊನೆಗೆ ಬಂದಿದ್ದರು. ಬೋರ್ಡಿನ ತುಂಬ ರೇಖೆಗಳು, ಬಾಣಗಳು, ಅವುಗಳ ಪಕ್ಕದಲ್ಲಿ ಸಣ್ಣ ಅಕ್ಷರದ ವಿವರಣೆ. ಹುಡುಗರು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು. ಹಿಂದಿನ ಬಾಗಿಲಲ್ಲಿ ಚಿತ್ತಯ್ಯ ಬಂದು ನಿಂತ. ಹಟ್ಟಿಗೂ ಹೋಗಿರಲಿಲ್ಲವೆಂದು ಕಾಣುತ್ತದೆ. ಹೆಗಲ ಮೇಲೆ ಕಂಬಳಿ ಇತ್ತು, ಕಾಲು ಮೊಣಕಾಲವರೆಗೆ ಧೂಳಾಗಿತ್ತು. ಅವನು ಒಳಗೆ ಬರಲಿಲ್ಲ. ಬೋರ್ಡನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ.

"ಭಾಳ ಮುಂದಕ್ಕೆ ಹೋಗೈತೆ ಸಾ," ಎಂದ. "ನನ್ನ ಕೈಲಿ ಇನ್ನಾಗಲ್ಲ. ಹೇಳಿ ಹೋಗಾಣ ಅಂತ ಬಂದೆ."

ಮಾವ ಅವನನ್ನು ನೋಡಿದರು. ಆಮೇಲೆ ಡಸ್ಟರು ತೆಗೆದುಕೊಂಡು, ಗಂಟೆಹೊತ್ತು ಕಷ್ಟಪಟ್ಟು ಬರೆದದ್ದನ್ನೆಲ್ಲ ಮೇಲಿನಿಂದ ಕೆಳಗಿನವರೆಗೆ ಒರೆಸಿ ಹಾಕಿದರು.

"ಎಲ್ಲಿಗೂ ಹೋಗಿಲ್ಲಪ್ಪ," ಎಂದರು. "ನೀನು ಹೋದಾಗ ಎಲ್ಲಿತ್ತೋ ಅಲ್ಲೇ ಐತೆ. ಬಾ, ಕುಂತ್ಕ."

ಅಲ್ಲಿದ್ದವರೆಲ್ಲ ನಾಲ್ಕನೆಯ ಘಟಕವನ್ನು ಕೇಳಿ ಮುಗಿಸಿದವರೇ. ಆದರೂ ಹೊಳಲ್ಕೆರೆಯ ಹುಡುಗ ಬೆಂಚಿನಲ್ಲಿ ಸರಿದು ಜಾಗ ಮಾಡಿದ. ಒಬ್ಬೊಬ್ಬರಾಗಿ ಎಲ್ಲರೂ ಹೊಸ ಹಾಳೆ ತಿರುಗಿಸಿದರು. ಮಾವ ಬೋರ್ಡಿನ ಮೇಲೆ "ಘಟಕ ನಾಲ್ಕು" ಎಂದು ದೊಡ್ಡದಾಗಿ ಬರೆದರು.

ಬೆಲ್ ಹೊಡೆಯಿತು. ಮುಂದಿನ ಗಂಟೆ ನನ್ನದು. ನಾನು ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆಳೆದು, ಹೊರಗೇ ನಿಂತೆ.