ಲಾರಿಯ ಹಿಂದೆ ದರ್ಜಿ

ಹಿಂದಿನ ವಾರ ಲಾರಿಯೊಂದನ್ನು ಹಿಂದೆ ಹಾಕುವ ಆತುರದಲ್ಲಿ ದರ್ಜಿ ಕಾರನ್ನು ಸರಕ್ಕನೆ ತಿರುಗಿಸಿದಾಗ, ಹೆಂಡತಿಯ ಹಣೆ ಕಿಟಕಿಗೆ ಬಡಿದು ನಿಂಬೆಹಣ್ಣಿನಷ್ಟು ಊದಿಕೊಂಡಿತ್ತು. ಹಾಗಾಗಿ ಈ ದಿನ ಹೊರಡುವ ಮೊದಲೇ ಅವಳು ಮಾತು ತೆಗೆದುಕೊಂಡಳು: "ದಾರೀಲಿ ಲಾರಿ ಸಿಕ್ರೆ ತೆಪ್ಪಗೆ ಹಿಂದೆ ಹೋಗ್ಬೇಕು. ಇಲ್ದಿದ್ರೆ ನಾನು ಬಸ್ಸಲ್ಲಿ ಬರ್ತೀನಿ."

ಹನ್ನೊಂದಕ್ಕೆ ನೋಂದಣಿ ಕಚೇರಿಯಲ್ಲಿ ಅವಳ ತಮ್ಮನ ಮದುವೆ. ದರ್ಜಿಯೇ ಹೊಲಿದ ಮದುಮಗನ ಕೋಟು ಹಿಂದಿನ ಸೀಟಿನಲ್ಲಿ, ನೆರೆಮನೆಯ ಮೇಷ್ಟ್ರ ತೊಡೆಯ ಮೇಲೆ ಮಲಗಿತ್ತು.

ಹೆದ್ದಾರಿ ಹತ್ತಿ ಐದೇ ನಿಮಿಷಕ್ಕೆ ಲಾರಿ ಸಿಕ್ಕಿತು. ಊಟ ಜಾಸ್ತಿಯಾದವರಂತೆ ಅತ್ತಿತ್ತ ವಾಲಾಡುತ್ತ ಹೋಗುತ್ತಿತ್ತು. ದರ್ಜಿ ಹಲ್ಲು ಕಚ್ಚಿಕೊಂಡು ಹಿಂದೆಯೇ ಉಳಿದ.

"ಸ್ವಲ್ಪ ಅಂತರ ಇರ್ಲಿ," ಎಂದರು ಮೇಷ್ಟ್ರು.

ದರ್ಜಿ ವೇಗ ತಗ್ಗಿಸಿದ. ಲಾರಿಯೂ ತಗ್ಗಿಸಿತು.

"ಇನ್ನೂ ಸ್ವಲ್ಪ."

ದರ್ಜಿ ಇನ್ನೂ ತಗ್ಗಿಸಿದ. ಲಾರಿಯೂ ಅಷ್ಟೇ ಮಾಡಿತು. ಹಳೇ ಸ್ಕೂಟರಿನಲ್ಲಿ ಅಜ್ಜನೊಬ್ಬ ಅಜ್ಜಿಯನ್ನು ಕೂರಿಸಿಕೊಂಡು ಇವರನ್ನು ದಾಟಿ ಹೋದ. ಅಜ್ಜಿ ತಿರುಗಿ ಕನಿಕರದಿಂದ ನೋಡಿದಳು.

ಮದುಮಗನ ಫೋನು ಬಂತು. "ಅಕ್ಕಾ, ಎಲ್ಲಿದ್ದೀರಾ? ನಾನಿನ್ನೂ ಬರೀ ಶರ್ಟಲ್ಲಿದ್ದೀನಿ."

"ಬರ್ತಿದ್ದೀವಿ ಕಣೋ. ನಿಮ್ಮ ಭಾವ ಇವತ್ತು ಎಷ್ಟು ಚೆನ್ನಾಗಿ ಓಡಿಸ್ತಿದ್ದಾರೆ ಗೊತ್ತಾ?"

ಆ ಹೊಗಳಿಕೆಗೆ ದರ್ಜಿಯ ಸಿಟ್ಟು ಅರ್ಧ ಇಳಿಯಿತು. ಅವಳು ಸಣ್ಣಗೆ ಹಾಡತೊಡಗಿದಾಗ ಇನ್ನರ್ಧವೂ ಇಳಿಯಿತು. ಇಷ್ಟು ವರ್ಷ ಈ ದಾರಿಯಲ್ಲಿ ಓಡಾಡಿಯೂ ಪಕ್ಕದಲ್ಲೊಂದು ಕೆರೆಯಿರುವುದು ಅವನಿಗೆ ಗೊತ್ತಿರಲಿಲ್ಲ.

ಹನ್ನೊಂದಾದ ಮೇಲೆ ಲಾರಿಯವರು ಕೈ ಹೊರಚಾಚಿ ನಿಲ್ಲುವಂತೆ ಸನ್ನೆ ಮಾಡಿದರು. ಎರಡೂ ಗಾಡಿಗಳು ಪಕ್ಕಕ್ಕೆ ನಿಂತವು. ನರೆತ ಮೀಸೆಯ ಚಾಲಕರು ಇಳಿದು ಬಂದು ಕಿಟಕಿಯಲ್ಲಿ ಬಗ್ಗಿದರು.

"ಗಾಡಿಗೆ ಏನು ತೊಂದ್ರೆ ಸಾರ್?"

"ಯಾವ ಗಾಡಿಗೆ?"

"ನಿಮ್ಮದಕ್ಕೆ. ಆಗ್ಲಿಂದ ನೋಡ್ತಿದ್ದೀನಿ, ನಿಧಾನ ಆಗ್ತಾನೇ ಇದೆ. ನಡುದಾರೀಲಿ ಕೆಟ್ಟು ನಿಂತ್ರೆ ಕಷ್ಟ ಅಂತ ನಾನೂ ತಡೆದು ತಡೆದು ಹೋಗ್ತಿದ್ದೆ. ಖಾಲಿ ಲಾರಿ ನಂದು, ಬಿಟ್ರೆ ಹಾರ್ಕೊಂಡು ಹೋಗುತ್ತೆ."

ದರ್ಜಿ ಸ್ಟೇರಿಂಗಿಗೆ ಹಣೆ ಒತ್ತಿದ. ಹೆಂಡತಿಗೆ ಮಾತ್ರ ಕಣ್ಣು ತುಂಬಿ ಬಂತು. "ನಿಮ್ಮಂಥವ್ರು ಎಲ್ಲಿ ಸಿಗ್ತಾರೆ ಅಣ್ಣಾ? ನೀವು ಮುಂದೆ ಹೋಗಿ, ನಾವು ಹಿಂದೇನೇ ಬರ್ತೀವಿ. ಹೀಗೇ, ನಿಧಾನವಾಗಿ."

ಹನ್ನೆರಡೂವರೆಗೆ ತಲುಪಿದಾಗ ಕಚೇರಿಯ ಗುಮಾಸ್ತರ ಕೋಟು ತೊಟ್ಟು ಮದುವೆ ಮುಗಿಸಿದ್ದ ಮದುಮಗ ಊಟಕ್ಕೆ ಕೂತಿದ್ದ. ಹೆಂಡತಿ ಲಾರಿಯವರನ್ನೂ ಬಲವಂತ ಮಾಡಿ ಕರೆತಂದಳು. ದರ್ಜಿ ಅವರ ಪಕ್ಕದಲ್ಲೇ ಎಲೆ ಹಾಕಿಸಿಕೊಂಡ. ಲಾರಿಯವರು ಊಟವನ್ನು ಮಾತ್ರ ಬಲು ವೇಗವಾಗಿ ಮುಗಿಸಿದರು.